ಮುಂದಿನ ಸೀಟಿನ ಮರ್ಯಾದೆ

ಕನಕಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಹಾಲು ಹಾಕುವವಳ ಹಾಲನ್ನು ಬೆರಳಿಗೆ ಹಚ್ಚಿ ನೋಡದೆ ಪಾತ್ರೆ ಮುಂದೆ ಹಿಡಿಯಳು. ಗುಡಿಗೆ ಹೋದರೆ ಒಂದು ಚಪ್ಪಲಿಯನ್ನು ಈ ಕಂಬದ ಬಳಿ, ಇನ್ನೊಂದನ್ನು ಆ ಕಂಬದ ಬಳಿ ಬಿಡುತ್ತಾಳೆ; ಕದಿಯುವವನು ಜೋಡಿ ಹುಡುಕುತ್ತಾ ಸಾಯಲಿ ಎಂದು. ಸಂತೆಯಲ್ಲಿ ಬದನೆಕಾಯಿ ಮಾರುವವಳು ಪ್ರೀತಿಯಿಂದ ಒಂದು ಕಾಯಿ ಹೆಚ್ಚಿಗೆ ಹಾಕಿದರೆ ಆ ಒಂದನ್ನೇ ಮೊದಲು ಮುರಿದು ನೋಡುತ್ತಾಳೆ, ಒಳಗೆ ಹುಳ ಇದೆಯೇನೋ ಎಂದು. ತಳಕಲ್ಲಿನ ಅವಳ ಓಣಿಯ ಹೆಂಗಸರು ಬೆನ್ನ ಹಿಂದೆ "ತಾ ಕಳ್ಳ, ಪರರ ನಂಬ" ಎಂದು ಆಡಿಕೊಳ್ಳುತ್ತಿದ್ದರು. ಅದು ಮಾತ್ರ ಅನ್ಯಾಯದ ಮಾತು. ಪರರ ಹುಲ್ಲುಕಡ್ಡಿ ಮುಟ್ಟಿದ ಹೆಂಗಸಲ್ಲ ಅವಳು.

ಹೀಗಾಗಲು ಕಾರಣವಿಲ್ಲದೆ ಇಲ್ಲ. ಗಂಡ ಹುಸೇನಪ್ಪ ಜ್ವರದಲ್ಲಿ ತೀರಿಕೊಂಡಾಗ ಮಗಳು ಮೇಘಾ ಇನ್ನೂ ಸೊಂಟದ ಮೇಲಿನ ಕೂಸು. ಅದನ್ನು ಅಣ್ಣ ದುರುಗಪ್ಪನ ಮನೆಯಲ್ಲಿ ಬಿಟ್ಟು ಕನಕಮ್ಮ ಗಂಗಾವತಿ ಕಡೆಯ ಮರಳಿ ಎಂಬ ಊರಿಗೆ ಭತ್ತದ ನಾಟಿ ಹಚ್ಚಲು ಹೋಗುತ್ತಿದ್ದಳು. ಅಲ್ಲಿನ ಮೇಸ್ತ್ರಿ ಕೈಗಡಿಯಾರ ನೋಡಿ ನೋಡಿ "ಇನ್ನಾ ಟೈಮ್ ಆಗಿಲ್ಲ, ಹಚ್ಚ್ರಿ" ಅನ್ನುವನು. ಕೆಸರಿನಲ್ಲಿ ಬಗ್ಗಿದ ಹೆಂಗಸರಿಗೆ ತಲೆ ಎತ್ತಲು ಬಿಡುವಿರಲಿಲ್ಲ. ಕನಕಮ್ಮ ಮಾತ್ರ ಕಾಲುವೆ ದಂಡೆಯ ಜಾಲಿಮರದ ನೆರಳು ನೋಡಿದಳು, ಮರುದಿನವೂ ನೋಡಿದಳು, ಆಮೇಲೆ ಒಂದು ದಿನ ಮೇಸ್ತ್ರಿಯ ಮುಂಗೈಯನ್ನೇ ಹಿಡಿದು ಗಡಿಯಾರವನ್ನು ಎಲ್ಲರ ಮುಂದೆ ತೋರಿಸಿದಳು. ಮಹರಾಯ ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಇಟ್ಟುಕೊಂಡಿದ್ದ. ಅಂದು ಅವಳ ಅನುಮಾನ ಖರೆಯಾಯಿತು, ಅದೇ ಕೆಟ್ಟದ್ದಾಯಿತು. ಒಮ್ಮೆ ಅನುಮಾನ ಖರೆಯಾದವರಿಗೆ ಆಮೇಲೆ ನಂಬಿಕೆ ರುಚಿಸುವುದಿಲ್ಲ.

ತಳಕಲ್ಲಿನಿಂದ ಆಚೆ, ಎರೆಹೊಲಗಳ ನಡುವೆ, ಒಂದು ಖಾಸಗಿ ಕಂಪನಿ ಚಿಕ್ಕ ವಿಮಾನ ನಿಲ್ದಾಣ ಕಟ್ಟಿ ಹೈದರಾಬಾದಿಗೆ ಒಂಬತ್ತು ಸೀಟಿನ ವಿಮಾನ ಬಿಡತೊಡಗಿತು. ಗಂಗಾವತಿಯ ಅಕ್ಕಿ ವ್ಯಾಪಾರಿಗಳು, ಕುಷ್ಟಗಿಯ ದಾಳಿಂಬೆ ತೋಟದವರು, ದೊಡ್ಡಾಸ್ಪತ್ರೆಗೆ ಹೊರಟ ಮುದುಕರು ಅದರಲ್ಲಿ ಹೋಗುತ್ತಿದ್ದರು. ಹೆಣ್ಣು ಪ್ರಯಾಣಿಕರನ್ನು ಪರದೆಯ ಹಿಂದೆ ಮೈ ತಡವಿ, ಚೀಲ ಬಿಚ್ಚಿ ನೋಡಲು ಒಬ್ಬ ಹೆಂಗಸು ಬೇಕಾಗಿದ್ದಳು. ಇಂಥ ಕೆಲಸಕ್ಕೆ ಕನಕಮ್ಮನಿಗಿಂತ ಯೋಗ್ಯರು ಯಲಬುರ್ಗಾ ತಾಲೂಕನ್ನು ಜಾಲಾಡಿದರೂ ಸಿಗುತ್ತಿರಲಿಲ್ಲ. ಜೀವಮಾನವೆಲ್ಲ ಬಿಟ್ಟಿಯಾಗಿ ಮಾಡಿಕೊಂಡು ಬಂದ ಕೆಲಸಕ್ಕೆ ಈಗ ಸಂಬಳ, ಮೇಲೆ ನೀಲಿ ಸೀರೆ, ಎದೆಯ ಮೇಲೆ ಹೆಸರಿನ ಬಿಲ್ಲೆ.

ಆ ಕೆಲಸದ ಸುದ್ದಿ ತಂದವನು ದುರಗೇಶ. ಅವನು ಅಣ್ಣ ದುರುಗಪ್ಪನ ಕಿರಿಯ ಮಗ. ಕನಕಮ್ಮನೇ ತೊಟ್ಟಿಲು ತೂಗಿ, ಮುಂದೆ ಮಗಳನ್ನು ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡ ಹುಡುಗ. ಅಣ್ಣನ ಮನೆಯಲ್ಲಿ ಜಾಗ ಸಾಲದೆ ಗಂಡ ಹೆಂಡತಿ ಇಬ್ಬರೂ ಕನಕಮ್ಮನ ಮನೆಯಲ್ಲೇ ಇದ್ದರು. ನಿಲ್ದಾಣದಲ್ಲಿ ಅವನದು ಲಗೇಜು ತುಂಬುವ ಕೆಲಸ. ತೂಗಿದ ಚೀಲಗಳನ್ನು ತಳ್ಳುಗಾಡಿಯಲ್ಲಿ ತಂದು ವಿಮಾನದ ಹಿಂಭಾಗದ ಗೂಡಿನಲ್ಲಿ ಇಟ್ಟು ಬಲೆ ಬಿಗಿಯುವುದು. ಮಾತು ಕಡಿಮೆ, ನಗು ಹೆಚ್ಚು. ನಗುವ ಗಂಡಸರ ಮೇಲೂ ಕನಕಮ್ಮನಿಗೆ ಒಂದು ಕಣ್ಣು ಇದ್ದೇ ಇತ್ತು.

ಅಲ್ಲಿ ಚೀಲಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ತೂಗುತ್ತಿದ್ದರು. ಕೈಚೀಲ ಹಿಡಿದುಕೊಂಡೇ ತೂಕದ ಹಲಗೆ ಹತ್ತಬೇಕು. ಕೌಂಟರಿನ ಹುಡುಗಿ ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು, ಯಾರು ಎಲ್ಲಿ ಕೂರಬೇಕೆಂದು ಕಂಪ್ಯೂಟರ್ ಹೇಳುತ್ತಿತ್ತು, ಅದರಂತೆ ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಬಿಲ್ಲೆ. ಮುಂದೊಂದು ದಿನ ಕಂಪನಿಯವರು ಕಿಲೋ ಲೆಕ್ಕದಲ್ಲಿ ಟಿಕೆಟ್ ವಸೂಲಿ ಮಾಡುವ ಹುನ್ನಾರ ಇದು ಎಂದು ಕನಕಮ್ಮನ ಗಟ್ಟಿ ಅನುಮಾನ. ಜನ ಕಡಿಮೆ ಇದ್ದದ್ದರಿಂದ ಪ್ರಯಾಣಿಕರನ್ನು ವಿಮಾನದವರೆಗೆ ಕರೆದೊಯ್ದು ಕೂರಿಸಿ ಬೆಲ್ಟು ಹಾಕಿಸುವುದೂ ಅವಳ ಪಾಲಿಗೇ ಬಂದಿತ್ತು. ಮ್ಯಾನೇಜರ್ ಸುಭಾಷ್ ಮೊದಲ ದಿನ ಹೇಳಿದ್ದು ಇಷ್ಟೇ: "ನಂಬರ್ ನೋಡಿ ಕುಂದ್ರಸಬೇಕು ನೋಡಮ್ಮಾ." ಯಾಕೆ ಎಂದು ಅವನು ಹೇಳಲಿಲ್ಲ. ಎಲ್ಲದಕ್ಕೂ ಯಾಕೆ ಅನ್ನುವ ಕನಕಮ್ಮ ಇದೊಂದಕ್ಕೆ ಅನ್ನಲಿಲ್ಲ; ಬಸ್ಸಿನ ಸೀಟಿಗೆ ನಂಬರ್ ಇರುವುದಿಲ್ಲವೇ, ಹಾಗೆ ಎಂದುಕೊಂಡಳು. ಬಸ್ಸಿನಲ್ಲಿ ನಂಬರ್ ಇದ್ದರೂ ಮುದುಕರು ಬಂದರೆ ಎದ್ದು ಜಾಗ ಬಿಡುತ್ತಾರಲ್ಲ.

ತೊಡಕು ಶುರುವಾದದ್ದು ಅಲ್ಲಿಂದ. ಈ ಕಡೆಯ ದೊಡ್ಡ ಮನೆತನಗಳಲ್ಲಿ ಮಾವ ಕೂತ ಪಡಸಾಲೆಯನ್ನು ಸೊಸೆ ಎದುರಿನಿಂದ ಹಾಯುವುದಿಲ್ಲ. ಹಿರಿಯರಿಗೆ ಬೆನ್ನು ಮಾಡಿ ಮಕ್ಕಳು ಕೂರುವುದಿಲ್ಲ. ಬಸ್ಸು, ರೈಲಿನಲ್ಲಿ ಯಾರೂ ಇದನ್ನೆಲ್ಲ ನೋಡುವುದಿಲ್ಲ, ಖರೆ. ಆದರೆ ಒಂದೇ ಮನೆಯವರು ಒಂಬತ್ತು ಸೀಟು ತುಂಬಿ ಕೂತರೆ ಅದು ಪಡಸಾಲೆಯೇ ಆಗಿಬಿಡುತ್ತದೆ. ಒಮ್ಮೆ ಮರಳಿಯ ಒಬ್ಬ ಅತ್ತೆ, ಕಡ್ಡಿಯಂಥ ಮುದುಕಿ, ತನಗೆ ಕಟ್ಟಕಡೆಯ ಸೀಟು, ಗುಂಡಗುಂಡನೆಯ ಸೊಸೆಗೆ ಮುಂದಿನ ಸೀಟು ಬಂದದ್ದು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಕನಕಮ್ಮ ಅವಳ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. "ಬರ್ರಿ ಅವ್ವಾರ, ನೀವು ಮುಂದ ಬರ್ರಿ. ಸಣ್ಣವರು ಹಿಂದ ಕುಂದರ್ತಾರ" ಎಂದು ಕೈಹಿಡಿದು ಕರೆತಂದು ಕೂರಿಸಿದಳು. ಮುದುಕಿ ಅವಳ ಗಲ್ಲ ಸವರಿ, "ಛಲೋ ಮನಿತನದ ಹೆಣ್ಮಗಳವ್ವಾ ನೀ" ಅಂದಳು.

ಆ ಮಾತು ಕನಕಮ್ಮನಿಗೆ ಎಲ್ಲಿಗೆ ಮುಟ್ಟಿತೆಂದು ಆ ಮುದುಕಿಗೆ ಗೊತ್ತಿರಲಿಕ್ಕಿಲ್ಲ. ಇದೇ ಮರಳಿಯಲ್ಲಿ, ಇಂಥವರದೇ ಗದ್ದೆಯಲ್ಲಿ ನಾಟಿ ಹಚ್ಚುವಾಗ ಅವಳಿಗೆ ಕುಡಿಯುವ ನೀರನ್ನು ಮೇಲಿಂದ ಬೊಗಸೆಗೆ ಸುರಿಯುತ್ತಿದ್ದರು. ಮನೆತನ ಎಂಬ ಪದವನ್ನು ಅವಳ ಹೆಸರಿನ ಹತ್ತಿರ ಯಾರೂ ತಂದಿರಲಿಲ್ಲ. ಅಂದಿನಿಂದ ಹಿರಿಯರಿದ್ದ ಮನೆಯವರು ಬಂದರೆ ಕನಕಮ್ಮ ತಾನಾಗಿಯೇ ಕೂರಿಸುವ ಕ್ರಮ ಬದಲಿಸತೊಡಗಿದಳು. ಹಿರಿಯರು ಮುಂದೆ, ಮಕ್ಕಳು ಅವರ ಹಿಂದೆ, ಸೊಸೆಯಂದಿರು ಕೊನೆಗೆ. ಕಂಪ್ಯೂಟರಿಗೆ ಮರ್ಯಾದೆ ಕಲಿಸಿದವರಾದರೂ ಯಾರು? ಪೈಲಟ್ ಗೋವಿಂದರಾಜ ಒಮ್ಮೆ ತಿರುಗಿ ನೋಡಿ ತಲೆ ಎಣಿಸುತ್ತಿದ್ದ. ಒಂಬತ್ತು ಇದ್ದರೆ ಆಯಿತು.

ಗೋವಿಂದರಾಜ ಮೈಸೂರು ಕಡೆಯವನು. ಆಗಾಗ ವಿಮಾನ ಇಳಿಸಿ ಬಂದು, "ಇವತ್ತೂ ಬಾಲ ಭಾರ ಇತ್ತಲ್ಲ ಸುಭಾಷ್, ಏನು ತುಂಬುತ್ತೀರಿ ಹಿಂದೆ?" ಎನ್ನುತ್ತಿದ್ದ. ಸುಭಾಷ್ ತೂಕದ ಚೀಟಿ ತೋರಿಸಿ ಎಲ್ಲ ಬರೋಬರ್ ಐತಿ ಅನ್ನುತ್ತಿದ್ದ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹಂಪಣ್ಣನವರ ಮನೆಯವರು ಬಂದ ದಿನ ಮಾತ್ರ ನಿಲ್ಲಲಿಲ್ಲ. ಹಂಪಣ್ಣನವರದು ಗಂಗಾವತಿಯಲ್ಲಿ ಅಕ್ಕಿ ಮಿಲ್ಲು. ಅವರೂ ಅವರ ಹೆಂಡತಿ ವಿರೂಪಾಕ್ಷಮ್ಮನೂ ಗಾಳಿಗೆ ಹಾರುವಷ್ಟು ಹಗುರ. ಮಕ್ಕಳು ಮತ್ತು ಸೊಸೆಯಂದಿರು ಮಿಲ್ಲಿನ ಅಕ್ಕಿಗೆ ನ್ಯಾಯ ಒದಗಿಸಿದವರು. ಹೈದರಾಬಾದಿನಲ್ಲಿ ಮೊಮ್ಮಗಳ ನಿಶ್ಚಯ, ಹಾಗಾಗಿ ಮನೆಯೇ ಹೊರಟಿತ್ತು. ಕಂಪ್ಯೂಟರ್ ದಪ್ಪನೆಯ ಗಂಡುಮಕ್ಕಳನ್ನೆಲ್ಲ ಮುಂದೆ, ಮುದುಕರಿಬ್ಬರನ್ನು ಕೊನೆಗೆ ಹಾಕಿತ್ತು. ಕನಕಮ್ಮ ಆ ಬಿಲ್ಲೆಗಳನ್ನು ನೋಡಿ ಮನಸ್ಸಿನಲ್ಲೇ ಛೀ ಎಂದಳು. ಎಲ್ಲರನ್ನೂ ಅದಲುಬದಲು ಮಾಡಿ, ಮುದುಕರನ್ನು ಮುಂದೆ ಕೂರಿಸಿ, ವಿರೂಪಾಕ್ಷಮ್ಮನ ಸೆರಗು ಸರಿಮಾಡಿ ಬೆಲ್ಟು ಹಾಕಿ ಇಳಿದುಬಂದಳು.

ವಿಮಾನ ಓಡಿತು. ದಿನವೂ ಅದು ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕಂಬದವರೆಗೆ ಓಡಿ ಆಮೇಲೆ ನೆಲ ಬಿಡುತ್ತಿತ್ತು. ಅಂದು ಕಂಬ ಇನ್ನೂ ದೂರವಿರುವಾಗಲೇ ಮೂತಿ ಮೇಲೆದ್ದಿತು. ಬಾಲ ನೆಲಕ್ಕೆ ತಾಗಿತೋ ಎಂಬಂತೆ ತಗ್ಗಿತು. ವಿಮಾನ ಗಾಳಿಯಲ್ಲಿ ಹೊಯ್ದಾಡಿ, ಕುಸಿದು, ಮತ್ತೆ ಎದ್ದು, ಹೊಲಗಳ ಮೇಲೆ ಓರೆಯಾಗಿ ಸುತ್ತು ಹಾಕಿ ಹಿಂತಿರುಗಿತು. ನೆಲಕ್ಕೆ ಅಪ್ಪಳಿಸಿದಂತೆ ಇಳಿಯಿತು. ಒಳಗಿನಿಂದ ಬಂದ ಕೂಗು ಕೇಳಿ ಎಲ್ಲರೂ ಓಡಿದರು. ಯಾರಿಗೂ ಪೆಟ್ಟಾಗಿರಲಿಲ್ಲ, ಅದು ದೇವರ ದಯೆ. ವಿರೂಪಾಕ್ಷಮ್ಮ ವಾಂತಿ ಮಾಡಿಕೊಂಡು ನಡುಗುತ್ತಿದ್ದಳು. ಮಕ್ಕಳು ತಮ್ಮ ಚೀಲಗಳನ್ನು ತಾವೇ ಎಳೆದುಕೊಂಡು, ಕಂಪನಿಗೆ ಹಿಡಿಶಾಪ ಹಾಕುತ್ತಾ, ಕಾರು ತರಿಸಿಕೊಂಡು ಹೊರಟುಹೋದರು. ಹಿಂದಿನ ಗೂಡು ಖಾಲಿಯಾಯಿತು. ಅದರಲ್ಲಿ ಏನಿತ್ತು, ಎಷ್ಟಿತ್ತು ಎಂದು ಮತ್ತೆ ತೂಗಿ ನೋಡಲು ಏನೂ ಉಳಿಯಲಿಲ್ಲ.

ಗೋವಿಂದರಾಜ ಇಳಿದವನೇ ಸುಭಾಷನ ಮುಂದೆ ಬಂದು ನಿಂತ. "ಹಿಂದೆ ತೂಗದೇ ಇರೋ ಏನೋ ಇತ್ತು. ಯಾರೋ ಕದ್ದು ತುಂಬುತ್ತಿದ್ದಾರೆ. ನಾನು ಎಷ್ಟು ದಿನದಿಂದ ಹೇಳುತ್ತಿದ್ದೇನೆ!" ಎಂದು ಕೂಗಾಡಿದ. ಅಕ್ಕಿಚೀಲ, ಗುಟ್ಕಾ, ಇನ್ನೇನೇನೋ ಹೆಸರುಗಳು ಹಾರಾಡಿದವು. ಸಂಜೆಯ ಹೊತ್ತಿಗೆ ನಿಲ್ದಾಣದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಒಬ್ಬರ ಚೀಲ ಒಬ್ಬರು ನೋಡುತ್ತಿದ್ದರು.

ಕನಕಮ್ಮನಿಗೆ ಅವತ್ತು ನೆನಪಾದದ್ದು ತಂತಿಬೇಲಿ. ಹಿಂದಿನ ವಾರ ಅವಳು ದೂರದಿಂದ ನೋಡಿದ್ದಳು: ಬೇಲಿಯ ಒಳಗೆ ದುರಗೇಶ, ಹೊರಗೆ ಮುಖದ ಗುರುತು ಸಿಗದ ಒಬ್ಬ ಗಂಡಸು, ಇಬ್ಬರ ಕೈಗಳ ನಡುವೆ ಒಂದು ತುಂಬಿದ ಚೀಲ. ಆಗ ಅವಳು ಏನೂ ಕೇಳಿರಲಿಲ್ಲ. ಮನಸ್ಸಿನಲ್ಲಿ ಮಡಿಚಿ ಇಟ್ಟುಕೊಂಡಿದ್ದಳು. ದುರಗೇಶ ಮೊನ್ನೆ ಮೊನ್ನೆ ಹಳೆಯ ಬೈಕು ಬಿಟ್ಟು ಹೊಸದು ತಂದಿದ್ದ. ಫೋನು ಬಂದರೆ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದ. ಒಂದಕ್ಕೊಂದು ಗಂಟು ಬೀಳುತ್ತಾ ಹೋಯಿತು. ಅಣ್ಣನ ಮಗ, ಮಗಳ ಗಂಡ. ಆದರೆ ಏನೂ ಅರಿಯದ ಒಂಬತ್ತು ಜೀವ ಇವತ್ತು ಹೊಲದಲ್ಲಿ ಸುಟ್ಟು ಬೀಳುತ್ತಿತ್ತಲ್ಲ. ನಮ್ಮವನೆಂದು ಮುಚ್ಚಿಟ್ಟರೆ ತನ್ನ ನಿಯತ್ತು ಎಲ್ಲಿ ಉಳಿಯಿತು? ಅವಳು ಸುಭಾಷನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಾ ಹೇಳೀನಂತ ಯಾರಿಗೂ ಹೇಳಬ್ಯಾಡ್ರಿ ಸಾಹೇಬ್ರ. ಬೇಲಿ ಕಡೆ ದುರಗೇಶ ಒಂದು ಚೀಲ ಹಿಡಕೊಂಡಿದ್ದು ನಾ ಕಣ್ಣಾರೆ ಕಂಡೀನ್ರಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಬೇರೆ ಎಲ್ಲ ಹೊತ್ತಿನಲ್ಲೂ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅಂದು ಇರಲಿಲ್ಲ.

ಮರುದಿನವೇ ದುರಗೇಶನನ್ನು ಕೆಲಸದಿಂದ ತೆಗೆದರು. ಪೊಲೀಸ್ ಠಾಣೆಗೂ ಕರೆಸಿದರು. ಸಂಜೆ ಮನೆಗೆ ಬಂದವನು ಜಗಲಿಯ ಮೇಲೆ ಕೂತು ತಲೆ ಬಗ್ಗಿಸಿದ. ಮೇಘಾ ನೀರು ತಂದಿಟ್ಟಳು, ಅವನು ಮುಟ್ಟಲಿಲ್ಲ.

"ಯಾರೋ ಹೇಳ್ಯಾರಂತ ಅತ್ತಿ, ನಾ ಬೇಲಿ ಕಡಿಂದ ಚೀಲ ಒಳಗ ತಂದೀನಂತ" ಅಂದ. "ಅದು ಒಳಗ ತಂದಿದ್ದಲ್ಲ, ಹೊರಗ ಕೊಟ್ಟಿದ್ದು. ರನ್‌ವೇ ಬಾಜೂ ಕೊಯ್ದ ಹುಲ್ಲು. ಸುಮ್ನ ಒಣಗಿ ಹೋಗತೈತಿ ಅಂತ ನಮ್ಮವ್ವನ ಆಡಿಗೆ ಅಣ್ಣನ ಕೈಯಾಗ ಕಳಸ್ತಿದ್ದೆ. ಯಾರ ಮುಂದ ಹೇಳಿದ್ರೂ ನಗತಾರ."

"ಹೌದಾ" ಎಂದಳು ಕನಕಮ್ಮ. ಕಳ್ಳನಾದವನು ಕಳವು ಒಪ್ಪಿಕೊಳ್ಳುತ್ತಾನೆಯೇ ಎಂದು ಒಳಗೇ ಅಂದುಕೊಂಡಳು. ಬೆಳಗಾದ ಮೇಲೆ ಏನೋ ನೆಪ ಹೇಳಿ ಅಣ್ಣನ ಮನೆಗೆ ಹೋದಳು. ಹಿತ್ತಲಲ್ಲಿ ಆಡುಗಳು ಮೇಯುತ್ತಿದ್ದ ಹುಲ್ಲು ನಿಲ್ದಾಣದ್ದೇ, ಗುರುತು ಸಿಕ್ಕಿತು. ಅಲ್ಲಿಗೆ ಅವಳ ಅನುಮಾನ ಮುಗಿಯಬೇಕಿತ್ತು. ಅನುಮಾನ ಹಾಗೆ ಮುಗಿಯುವ ಪದಾರ್ಥವಲ್ಲ. ಹೊರಗೆ ಹುಲ್ಲು ಹೋಗಿರಬಹುದು, ಒಳಗೆ ಇನ್ನೇನೋ ಬಂದಿರಬಹುದಲ್ಲ ಎನ್ನುತ್ತಾ ಅವಳು ಮನೆಗೆ ಬಂದಳು.

ದಿನಗಳು ಕೆಟ್ಟದಾಗಿ ಕಳೆದವು. ಠಾಣೆಯಿಂದ ಕರೆ ಬಂದಾಗೆಲ್ಲ ದುರಗೇಶ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದ. ಕೊಪ್ಪಳದ ಒಂದು ಗೋದಾಮಿನಲ್ಲಿ ಕೆಲಸ ಕೇಳಲು ಹೋದರೆ, ವಿಮಾನದ ಪ್ರಕರಣದವನಲ್ಲವೇ ಎಂದು ಬಾಗಿಲಿನಿಂದಲೇ ಕಳುಹಿಸಿದರು. ಮೇಘಾ ನೀರಿಗೆ ಹೋದರೆ ನಲ್ಲಿಯ ಮುಂದಿನ ಮಾತು ನಿಲ್ಲುತ್ತಿತ್ತು. "ಯವ್ವಾ, ನೀ ಅಲ್ಲೇ ಕೆಲಸ ಮಾಡ್ತಿ. ಒಂದು ಮಾತು ಅವರಿಗೆ ಹೇಳಬಾರದೇನು, ನನ್ನ ಅಳಿಯ ಅಂಥವನಲ್ಲಂತ?" ಎಂದು ಅತ್ತಳು. ಕನಕಮ್ಮ ಒಲೆಯ ಬೂದಿ ಕೆದಕುತ್ತಾ ಕೂತಳು. ಮಗಳ ಮುಖ ನೋಡುವ ಧೈರ್ಯ ಆಗಲಿಲ್ಲ.

ಅಷ್ಟರಲ್ಲಿ ಕಂಪನಿಯವರು ಎಲ್ಲ ಕೆಲಸಗಾರರಿಗೂ ವಿಮಾನದ ತೂಕದ ಬಗ್ಗೆ ತಿಳಿಸಿ ಹೇಳಬೇಕೆಂದು ಗೋವಿಂದರಾಜನಿಗೆ ಅಪ್ಪಣೆ ಮಾಡಿದರು. ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಅವನು ಒಂದು ಉದ್ದನೆಯ ಹಲಗೆಯನ್ನು ಇಟ್ಟಿಗೆಯ ಮೇಲೆ ಅಡ್ಡಲಾಗಿ ಇಟ್ಟ. ಎರಡೂ ಕಡೆ ನೀರಿನ ಬಾಟಲಿ ಇಟ್ಟು ಸಮ ಮಾಡಿದ.

"ಒಟ್ಟು ಭಾರ ಎಷ್ಟು ಅನ್ನೋದು ಒಂದು ಮಾತು. ಭಾರ ಎಲ್ಲಿದೆ ಅನ್ನೋದು ಇನ್ನೊಂದು ಮಾತು" ಎಂದ. "ನೋಡಿ, ಹೊಸದಾಗಿ ಏನೂ ಹಾಕಲ್ಲ. ಇದೇ ಬಾಟಲಿಯನ್ನ ಹಿಂದಕ್ಕೆ ಸರಿಸ್ತೀನಿ." ಹಲಗೆ ಒಂದು ಕಡೆ ಧಪ್ಪನೆ ಬಿತ್ತು. "ಚೀಲವೇ ಬೇಕಾಗಿಲ್ಲ. ಮುಂದೆ ಕೂರಬೇಕಾದ ದಪ್ಪ ಮನುಷ್ಯರು ನಾಲ್ಕು ಜನ ಹಿಂದೆ ಹೋಗಿ ಕೂತರೂ ಇದೇ ಗತಿ. ಅದಕ್ಕೇ ಎಲ್ಲರನ್ನೂ ತೂಗಿ ನಂಬರ್ ಕೊಡೋದು."

ಕನಕಮ್ಮ ಬಿದ್ದ ಹಲಗೆಯನ್ನೇ ನೋಡಿದಳು. ಎಳೆಯ ವಯಸ್ಸಿನಲ್ಲಿ ಅಪ್ಪನ ಎತ್ತಿನ ಬಂಡಿಯಲ್ಲಿ ಕೂತು ಬೆಳೆದವಳು ಅವಳು. ಬಂಡಿಯ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಹಿಂದೆ ಕೂತವರನ್ನು ಅಪ್ಪ ಬೈದು ಮುಂದೆ ಕರೆಯುತ್ತಿದ್ದ. ಇಷ್ಟು ಗೊತ್ತಿದ್ದವಳಿಗೆ ವಿಮಾನದಲ್ಲೂ ಅದೇ ನ್ಯಾಯ ಎಂದು ಹೊಳೆಯಲೇ ಇಲ್ಲ. ಇಂಜಿನ್ ಇದ್ದದ್ದಕ್ಕೆ ನೊಗ ಯಾಕೆ ಎಂದುಕೊಂಡಿದ್ದಳು. ಮರಳಿಯ ಮುದುಕಿ ಹೋದ ದಿನ, ಕುಷ್ಟಗಿಯ ತೋಟದವರು ಹೋದ ದಿನ, ಹಂಪಣ್ಣನವರು ಹೋದ ದಿನ, ಗೋವಿಂದರಾಜ ಬಾಲ ಭಾರ ಎಂದ ದಿನಗಳೆಲ್ಲ ಅವೇ. ಅಷ್ಟು ಜನರನ್ನು ಅನುಮಾನಿಸಿದ ಅವಳು ಒಬ್ಬಳನ್ನು ಮಾತ್ರ ಬಿಟ್ಟುಬಿಟ್ಟಿದ್ದಳು. ಆ ಒಬ್ಬಳು ನೀಲಿ ಸೀರೆ ಉಟ್ಟು ಅಲ್ಲೇ ಕೂತಿದ್ದಳು.

ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಂಬಳ ಉಳಿಯುತ್ತದೆ. ಬಾಯಿ ಬಿಟ್ಟರೆ ಅಳಿಯ ಉಳಿಯುತ್ತಾನೆ. ಎರಡು ದಿನ ಅವಳು ಇದನ್ನೇ ತೂಗಿ ನೋಡಿದಳು. ಆಮೇಲೆ ಸುಭಾಷನ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು.

ಸುಭಾಷ್ ಎದ್ದು ಬಾಗಿಲು ಮುಂದೆ ಮಾಡಿದ. "ಸುಮ್ನ ಇರಮ್ಮಾ" ಅಂದ. "ಮ್ಯಾಲಿನವರಿಗೆ ವರದಿ ಹೋಗೇತಿ. ಹಮಾಲ ಕದ್ದು ತುಂಬಿದ ಅಂದ್ರ ಹಮಾಲನ ತಪ್ಪು. ಸೀಟ್ ತಪ್ಪಿ ಕುಂದ್ರಿಸ್ಯಾರ ಅಂದ್ರ ನಿಂದು, ನಂದು, ಕ್ಯಾಪ್ಟನ್ನಂದು, ಎಲ್ಲಾರದೂ ತಪ್ಪು. ವಿಮಾನ ನಿಂತು ಹೋಕ್ಕತಿ. ಇನ್ನ ಮ್ಯಾಲೆ ನಂಬರ್ ಪ್ರಕಾರ ಕುಂದ್ರಸು, ಮುಗೀತು."

"ಮತ್ತ ದುರಗೇಶ?"

"ನೀನ ಹೇಳಿದ್ದಿಯಲ್ಲಮ್ಮಾ, ಕಣ್ಣಾರೆ ಕಂಡೀನಂತ."

ಅವಳು ಎದ್ದುಬಂದಳು. ಇಷ್ಟು ವರ್ಷ ಇಲ್ಲದ ಕಡೆ ಮೋಸ ಹುಡುಕಿದವಳ ಕಣ್ಣೆದುರಿಗೇ ಈಗ ಅಸಲಿ ಮೋಸ ಕುರ್ಚಿ ಹಾಕಿಕೊಂಡು ಕೂತಿತ್ತು. ಅದರ ಬಾಗಿಲು ತೆರೆದುಕೊಟ್ಟವಳೂ ಅವಳೇ.

ಮರುದಿನದ ವಿಮಾನಕ್ಕೆ ಪ್ರಯಾಣಿಕರನ್ನು ಕರೆದೊಯ್ದು ಕನಕಮ್ಮ ಏಣಿಯ ಬಳಿ ಅಡ್ಡ ನಿಂತುಬಿಟ್ಟಳು. ಯಾರನ್ನೂ ಹತ್ತಲು ಬಿಡಲಿಲ್ಲ. ಗೋವಿಂದರಾಜ ಕಿಟಕಿಯಿಂದ ಏನು ಎಂದು ಕೈಮಾಡಿದ. ಅವಳು ಕೆಳಗೆ ಬರುವಂತೆ ಕೈಮಾಡಿದಳು. ಅವನು ಇಳಿದುಬಂದ. ದೂರದಿಂದ ಸುಭಾಷ್ ಓಡಿಬರುತ್ತಿದ್ದ. ಅವನು ಮುಟ್ಟುವ ಮೊದಲೇ ಮುಗಿಸಬೇಕೆಂದು ಅವಳು ಗಟ್ಟಿ ದನಿಯಲ್ಲಿ ಹೇಳಿದಳು.

"ಸಾಹೇಬ್ರ, ಅವತ್ತು ಹಂಪಣ್ಣನೋರ ಮನಿಯವರನ್ನ ನಂಬರ್ ಪ್ರಕಾರ ಕುಂದ್ರಸಿಲ್ರಿ. ಮುದುಕರನ್ನ ಮುಂದ, ದಪ್ಪ ಇದ್ದವರನ್ನೆಲ್ಲ ಹಿಂದ ಕುಂದ್ರಿಸಿದಾಕಿ ನಾನು. ಅದಕ್ಕೂ ಮೊದಲ ಭಾಳ ಸಲ ಹಂಗ ಮಾಡೀನ್ರಿ. ದುರಗೇಶ ಏನೂ ತುಂಬಿಲ್ಲ. ಅವನ ಮ್ಯಾಲೆ ಚಾಡಿ ಹೇಳಿದಾಕಿನೂ ನಾನ."

ಪ್ರಯಾಣಿಕರು ಮುಖ ಮುಖ ನೋಡಿಕೊಂಡರು. ಒಬ್ಬ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಗೋವಿಂದರಾಜ ಅಲ್ಲೇ ನಿಂತು ಹಂಪಣ್ಣನವರ ಮಗನಿಗೆ ಫೋನ್ ಮಾಡಿ, ಯಾರು ಎಲ್ಲಿ ಕೂತಿದ್ದಿರಿ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಮುಖ ಬಿಳುಚಿಕೊಂಡಿತು. ಫೋನ್ ಇಟ್ಟು ಕನಕಮ್ಮನನ್ನು ಬೈಯುತ್ತಾನೆಂದು ಎಲ್ಲರೂ ಕಾದರು.

"ತಿರುಗಿ ನೋಡಿದ್ದೆ ನಾನು" ಎಂದ. "ತಲೆ ಎಣಿಸಿದೆ, ನಂಬರ್ ನೋಡಲಿಲ್ಲ."

ಆ ದಿನ ವಿಮಾನ ಹಾರಲಿಲ್ಲ. ಗೋವಿಂದರಾಜ ತನ್ನ ತಪ್ಪನ್ನೂ ಸೇರಿಸಿ ಹೊಸ ವರದಿ ಕಳಿಸಿದ. ಠಾಣೆಯಿಂದ ಕರೆ ಬರುವುದು ನಿಂತಿತು. ಕಂಪನಿ ದುರಗೇಶನನ್ನು ಮತ್ತೆ ಕೆಲಸಕ್ಕೆ ಕರೆಯಿತು. ಕ್ಷಮೆ ಗಿಮೆ ಏನಿಲ್ಲ, ಸೋಮವಾರದಿಂದ ಬಾ ಎಂದರು, ಅಷ್ಟೇ. ಕನಕಮ್ಮನಿಗೆ ನೀಲಿ ಸೀರೆಗಳನ್ನು ಒಗೆದು ತಂದುಕೊಡಲು ಹೇಳಿದರು. ಅವಳು ಒಗೆದು, ಮಡಿಚಿ, ಹೆಸರಿನ ಬಿಲ್ಲೆ ಮೇಲಿಟ್ಟು ಕೊಟ್ಟುಬಂದಳು. ಓಣಿಯವರು ಏನಾದರೂ ಅಂದುಕೊಳ್ಳಲಿ, ಮನೆ ಉಳಿಯಿತಲ್ಲ ಎಂದುಕೊಂಡಳು.

ಸಂಜೆ ಅವಳು ದುರಗೇಶನಿಗೆಂದು ಬಿಸಿ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು. ಅವನು ಕೈಕಾಲು ತೊಳೆದು ಬಂದು ತಾಟಿನ ಮುಂದೆ ಕೂತ. ರೊಟ್ಟಿ ಮುರಿಯಲಿಲ್ಲ.

"ಅತ್ತಿ, ಸೀಟಿನ ಮಾತು ಬಿಡು" ಅಂದ. "ನಿನಗ ಯಾರೂ ತಿಳಿಸಿ ಹೇಳಿರಲಿಲ್ಲ, ನಿನಗರ ಹೆಂಗ ಗೊತ್ತಾಗಬೇಕು. ಅದಕ್ಕ ನನಗ ಸಿಟ್ಟಿಲ್ಲ. ಚೀಲ ನೋಡಿದ್ಯಲ್ಲ, ಅವತ್ತು ರಾತ್ರಿ ಇಲ್ಲೇ ಕುಂತು ನನಗ ಊಟಕ್ಕ ನೀಡಿದಿ. ದುರಗೇಶಾ, ಆ ಚೀಲದಾಗ ಏನಿತ್ತೋ ಅಂತ ಒಂದು ಮಾತು ಯಾಕ ಕೇಳಲಿಲ್ಲ?"

ಸುಳ್ಳು ಹೇಳಲು ಅವಳಿಗೆ ದಾರಿಯಿತ್ತು. ಮರೆತೆ ಎನ್ನಬಹುದಿತ್ತು, ಗಾಬರಿಯಾಗಿತ್ತು ಎನ್ನಬಹುದಿತ್ತು. ಮೇಘಾ ಬಾಗಿಲ ಬಳಿ ನಿಂತು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಕೇಳಿದ್ರ ನೀ ಸುಳ್ಳು ಹೇಳ್ತಿ ಅಂದ್ಕೊಂಡೆ" ಎಂದಳು ಕನಕಮ್ಮ.

ದುರಗೇಶ ಹೂಂ ಎಂದು ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ, ತಾಟು ದೂಡಲಿಲ್ಲ. ರೊಟ್ಟಿ ಮುರಿದು ಸುಮ್ಮನೆ ಉಂಡ. ಅವನು ಉಣ್ಣುವುದನ್ನು ನೋಡಿ ಕನಕಮ್ಮನಿಗೆ ಜೀವ ಬಂದಂತಾಯಿತು. ಇನ್ನೊಂದು ರೊಟ್ಟಿ ಹಾಕಲು ಬಗ್ಗಿದಳು. ಅವನು ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಸಾಕ್ರಿ" ಅಂದ. "ನೀವು ಊಟ ಮಾಡ್ರಿ, ಕನಕಮ್ಮಾರ."

ಮಾತು ಬಂದ ದಿನದಿಂದ ಅವನ ಬಾಯಲ್ಲಿ ಅವಳು ಅತ್ತಿ. ಆ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಬಹಳ ಹೊತ್ತು ಬಗ್ಗಿ ನಿಂತಿದ್ದಳು.